ಮಗನಿಗೆ ಒರಾಯನ್ ಅಂತ ಹೆಸರಿಡಬಹುದಾ? ಅರ್ಥ ಏನು, ಎಷ್ಟು ಜನ ಇಡುತ್ತಿದ್ದಾರೆ?

ಡಿಸೆಂಬರ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನ ಕಡೆಯವರು. ಆರು ವರ್ಷದಿಂದ ಅಮೆರಿಕದ ಓಹಾಯೋದಲ್ಲಿದ್ದೇವೆ. ಡಿಸೆಂಬರ್ ಮಧ್ಯದಲ್ಲಿ ನನಗೆ ಹೆರಿಗೆ. ಇಲ್ಲಿ ಸ್ಕ್ಯಾನಿಂಗ್‌ನಲ್ಲೇ ಹೇಳಿಬಿಡುತ್ತಾರೆ, ಗಂಡು ಮಗು. ಆಸ್ಪತ್ರೆಯಲ್ಲಿರುವಾಗಲೇ ಜನನ ಪತ್ರದ ಫಾರಂ ತುಂಬಿಸಿಕೊಳ್ಳುತ್ತಾರೆ. ಹಾಗಾಗಿ ಹೆಸರು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು.

ನಮ್ಮ ಯಜಮಾನರಿಗೆ ಒರಾಯನ್ ಅನ್ನೋ ಹೆಸರು ತುಂಬಾ ಇಷ್ಟ. ಗ್ರೀಕ್ ಪುರಾಣದ ಬೇಟೆಗಾರ, ಆಕಾಶದಲ್ಲಿ ನಕ್ಷತ್ರಪುಂಜ. ಮದುವೆಯಾದ ಹೊಸದರಲ್ಲಿ ತಾರಸಿ ಮೇಲೆ ಕರೆದುಕೊಂಡು ಹೋಗಿ ನನಗೆ ಮೊದಲು ತೋರಿಸಿದ್ದೇ ಆ ಸಾಲಾಗಿರುವ ಮೂರು ಚುಕ್ಕಿ. ಈಗಲೂ ಚಳಿಗಾಲದಲ್ಲಿ ರಾತ್ರಿ ಕಸ ಹಾಕಲು ಹೊರಗೆ ಹೋದರೆ ಹತ್ತು ನಿಮಿಷ ಒಳಗೆ ಬರುವುದಿಲ್ಲ. ಕಿಟಕಿಯಿಂದ ನೋಡಿದರೆ ಕತ್ತೆತ್ತಿಕೊಂಡು ನಿಂತಿರುತ್ತಾರೆ.

ನನಗೂ ಇಷ್ಟವೇ. ಆದರೂ ಅಳುಕು. ಅರ್ಥ ಹುಡುಕಿದರೆ ಒಂದು ಕಡೆ ಬೇಟೆಗಾರ ಅಂತ, ಇನ್ನೊಂದು ಕಡೆ ಸ್ವರ್ಗದ ಬೆಳಕು ಅಂತ, ಮತ್ತೊಂದು ಕಡೆ ಬೆಂಕಿಯ ಮಗ ಅಂತ ಇದೆ. ಯಾವುದು ನಿಜ? ಇಲ್ಲಿ ಒಂದೇ ಕ್ಲಾಸಿನಲ್ಲಿ ಮೂರು ಜನ ಒರಾಯನ್ ಇರುವಷ್ಟು ಜಾಸ್ತಿ ಆಗಿಬಿಟ್ಟಿದೆಯಾ ಅಂತಲೂ ಗೊತ್ತಾಗಬೇಕು. ಇನ್ನು ಅತ್ತೆ. ಅವರು ಬೇಡ ಅಂದಿಲ್ಲ. "ಅದೇನೋ ನಿಮ್ಮಿಷ್ಟ ಕಣಮ್ಮ, ನನ್ನ ಬಾಯಿಗೆ ಬಂದರೆ ಸಾಕು" ಅಂದರು. ಆ 'ಅದೇನೋ' ನನ್ನನ್ನು ಕೊರೆಯುತ್ತಾ ಇದೆ. ತಿಳಿದವರು ಹೇಳಿ.

ಪದಮೂಲ

ಅರ್ಥದ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ಬಹಳ ವರ್ಷದಿಂದ ಹಳೇ ಗ್ರೀಕ್ ಓದುತ್ತಿದ್ದೇನೆ, ಈ ಹೆಸರಿನ ಮೇಲೆ ನನಗೂ ಪ್ರೀತಿ.

ಮೊದಲಿಗೆ, ಒರಾಯನ್ ಅಂದರೆ ಬೇಟೆಗಾರ ಅಂತ ಅರ್ಥ ಅಲ್ಲ. ಬೇಟೆ ಅವನ ಕೆಲಸ. ನಮ್ಮ ಬೇಡರ ಕಣ್ಣಪ್ಪನನ್ನು ನೆನೆಸಿಕೊಳ್ಳಿ. ಅವನು ಬೇಡ ಹೌದು, ಆದರೆ ಕಣ್ಣಪ್ಪ ಅನ್ನೋ ಪದಕ್ಕೆ ಬೇಡ ಅಂತ ಅರ್ಥ ಇಲ್ಲವಲ್ಲ? ಹೆಸರಿನ ಪುಸ್ತಕ ಮಾಡುವವರು ಆ ವ್ಯಕ್ತಿ ಏನು ಮಾಡುತ್ತಿದ್ದ ಅನ್ನೋದನ್ನೇ ಎತ್ತಿ ಅರ್ಥ ಅಂತ ಬರೆದುಬಿಡುತ್ತಾರೆ.

ಸ್ವರ್ಗದ ಬೆಳಕು ಅನ್ನೋದು ಮೆಸೊಪೊಟೇಮಿಯಾದ 'ಉರು ಅನ್ನ' ಅನ್ನೋ ಮಾತಿಗೆ ಇದನ್ನು ಜೋಡಿಸಿದ್ದರಿಂದ ಬಂದದ್ದು. ಕೇಳಲು ಚೆನ್ನಾಗಿದೆ, ಗಟ್ಟಿ ಆಧಾರ ಇಲ್ಲ. ಗಡಿ ಅನ್ನೋ ಅರ್ಥದ ಗ್ರೀಕ್ ಪದದ ಜೊತೆ ಜೋಡಿಸುವವರೂ ಇದ್ದಾರೆ. ಬೆಂಕಿಯ ಮಗ ಅನ್ನೋದಕ್ಕಂತೂ ನನಗೆ ಬುಡವೇ ಸಿಕ್ಕಿಲ್ಲ.

ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು. ಹೋಮರ್‌ನಲ್ಲಿ 'ಓರೀಓನ್' ಅಂತ ಇದೆ. ಅದಕ್ಕಿಂತ ಹಳೆಯ ರೂಪ 'ಓಅರೀಓನ್'. ಪಿಂಡರ್ ಮತ್ತು ಕವಯಿತ್ರಿ ಕೊರಿನ್ನ ಹಾಗೆ ಬಳಸಿದ್ದಾರೆ. ಕೊರಿನ್ನಳ ಊರು ಬಿಯೋಷಿಯಾ ಸೀಮೆಯ ತನಾಗ್ರ. ಒರಾಯನ್ ಆ ಸೀಮೆಯ ವೀರ. ತನಾಗ್ರದಲ್ಲಿ ಅವನ ಸಮಾಧಿ ಇದೆ ಅಂತ ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ. ಆದರೆ ಆ ಪದದ ಮೂಲ ಅರ್ಥ ಗ್ರೀಕರ ಕಾಲಕ್ಕೇ ಮರೆತುಹೋಗಿತ್ತು. ಅದಕ್ಕೇ ಅವರೇ ಒಂದು ಕಥೆ ಕಟ್ಟಿದರು.

ಹಿರಿಯಸ್ ಅನ್ನೋ ಒಬ್ಬ ಮುದುಕ. ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ. ಒಂದು ಸಂಜೆ ಮೂವರು ದಾರಿಹೋಕರು ಮನೆಗೆ ಬಂದರು. ಅವರು ಸ್ಯೂಸ್, ಪೊಸೈಡನ್, ಹರ್ಮೀಸ್ ದೇವರು ಅಂತ ಅವನಿಗೆ ಗೊತ್ತಿಲ್ಲ. ಇದ್ದ ಒಂದೇ ಎತ್ತನ್ನು ಕಡಿದು ಊಟ ಹಾಕಿದ. ಏನು ಬೇಕು ಕೇಳು ಅಂದರೆ ಮಗ ಬೇಕು ಅಂದ. ದೇವರುಗಳು ಆ ಎತ್ತಿನ ಚರ್ಮದ ಮೇಲೆ ಮೂತ್ರ ಬಿಟ್ಟು, ಮಣ್ಣಿನಲ್ಲಿ ಹೂಳು ಅಂದರು. ಹತ್ತು ತಿಂಗಳಿಗೆ ಮಣ್ಣಿನಿಂದ ಮಗು ಬಂತು. ಗ್ರೀಕ್‌ನಲ್ಲಿ ಮೂತ್ರಕ್ಕೆ 'ಊರೋನ್' ಅಂತಾರೆ. ಅದರಿಂದ ಊರಿಯೋನ್, ಆಮೇಲೆ ಓರಿಯೋನ್ ಆಯಿತು ಅಂತ ರೋಮ್‌ನ ಕವಿ ಓವಿಡ್ ಹೇಳುತ್ತಾನೆ. ಹೇಳುವಾಗ ಅವನಿಗೂ ಸಂಕೋಚ.

ಇದು ಹೆಸರು ಮೊದಲು, ಕಥೆ ಆಮೇಲೆ ಹುಟ್ಟಿದ ಕೇಸು. ಪದದ ಸದ್ದು ಕೇಳಿ ಕಥೆ ಹೆಣೆದಿದ್ದಾರೆ. ಅದನ್ನು ಅರ್ಥ ಅಂತ ಹಿಡಿಯಬೇಡಿ. ಆದರೆ ಆ ಕಥೆಯೊಳಗಿನ ಮುದುಕನನ್ನು ಬಿಡಬೇಡಿ. ಮಗು ಬೇಕು ಅಂತ ಹಂಬಲಿಸಿದವನಿಗೆ ಬಂದ ಮಗು ಒರಾಯನ್.

ಡಿಸೆಂಬರ್ ಅಮ್ಮ

@ಪದಮೂಲ ಸರ್, ಕೊನೇ ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಮಗೂ ಈ ಮಗು ತುಂಬಾ ಕಾದ ಮೇಲೆ ಬರುತ್ತಿರೋದು. ಥ್ಯಾಂಕ್ಸ್.

ಅಂಕಿ ಅಂಶ

ಎಷ್ಟು ಜನ ಇಡುತ್ತಾರೆ ಅನ್ನೋ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಇಲಾಖೆ ಪ್ರತಿ ವರ್ಷ ಮಕ್ಕಳ ಹೆಸರಿನ ಪಟ್ಟಿ ಹೊರಡಿಸುತ್ತದೆ. 1880ರಿಂದ ಇಲ್ಲಿಯವರೆಗಿನ ಲೆಕ್ಕ ಅಲ್ಲಿದೆ, ಯಾರು ಬೇಕಾದರೂ ನೋಡಬಹುದು. ಒಂದು ವರ್ಷದಲ್ಲಿ ಕನಿಷ್ಠ ಐದು ಮಕ್ಕಳಿಗೆ ಇಟ್ಟ ಹೆಸರು ಮಾತ್ರ ಅದರಲ್ಲಿ ಸೇರುತ್ತದೆ.

ಒರಾಯನ್ ಬಹಳ ಕಾಲ ಮೊದಲ ಸಾವಿರದ ಆಚೆಯೇ ಇತ್ತು. 1990ರ ದಶಕದ ಮಧ್ಯದಲ್ಲಿ ಸಾವಿರದೊಳಗೆ ಬಂತು. ಅಲ್ಲಿಂದ ನಿಧಾನವಾಗಿ ಮೇಲೇರುತ್ತಾ ಇತ್ತೀಚಿನ ವರ್ಷಗಳಲ್ಲಿ ಮೊದಲ ಐನೂರರ ಒಳಗಿದೆ. ಅಂದರೆ ಕೇಳಿದ ಕೂಡಲೇ ಎಲ್ಲರಿಗೂ ಗೊತ್ತು, ಆದರೆ ಇಟ್ಟುಕೊಂಡವರು ಕಡಿಮೆ. ಹೆಸರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ. ಒಂದೇ ಕ್ಲಾಸಿನಲ್ಲಿ ಮೂವರು ಸಿಗೋದು ಕಷ್ಟ.

ಹೋಲಿಕೆಗೆ ಇನ್ನೊಂದು ಗ್ರೀಕ್ ಹೆಸರು ನೋಡಿ. ಜೇಸನ್, ಬಂಗಾರದ ತುಪ್ಪಳ ತರಲು ಹಡಗು ಹತ್ತಿದವನು. 1970ರ ದಶಕದ ಮಧ್ಯದಲ್ಲಿ ಅಮೆರಿಕದ ಗಂಡು ಮಕ್ಕಳ ಹೆಸರಲ್ಲಿ ಅದು ಎರಡನೇ ಸ್ಥಾನದಲ್ಲಿತ್ತು, ಮೈಕಲ್ ಬಿಟ್ಟರೆ ಅದೇ. ಆ ಕಾಲದಲ್ಲಿ ಹುಟ್ಟಿದ ಜೇಸನ್‌ಗಳಿಗೆ ಈಗ ಐವತ್ತರ ಆಸುಪಾಸು. ಹೆಸರು ಹೇಳಿದರೆ ಸಾಕು, ವಯಸ್ಸು ಗೊತ್ತಾಗುತ್ತದೆ. ಹೀಗೆ ಒಮ್ಮೆಗೇ ಏರಿದ ಹೆಸರಿಗೆ ತಲೆಮಾರಿನ ಮುದ್ರೆ ಬೀಳುತ್ತದೆ. ಈಗ ಹಾಗೆ ಓಡುತ್ತಿರುವುದು ಅಟ್ಲಾಸ್. 2013ರಲ್ಲಿ ಮೊದಲ ಸಾವಿರಕ್ಕೆ ಬಂದದ್ದು, ಹತ್ತೇ ವರ್ಷದಲ್ಲಿ ಮೊದಲ ಇನ್ನೂರರ ಒಳಗೆ. ಒರಾಯನ್ ಹಾಗೆ ಜಿಗಿದಿಲ್ಲ.

ಒಂದು ಎಚ್ಚರಿಕೆ. ಸ್ಪೆಲ್ಲಿಂಗ್ ಬೇರೆಯಾದರೆ ಪಟ್ಟಿಯಲ್ಲಿ ಬೇರೆ ಹೆಸರು ಅಂತ ಲೆಕ್ಕ. ಕೆಲವರು ಮಧ್ಯದಲ್ಲಿ 'ಐ' ಬದಲು 'ವೈ' ಹಾಕುತ್ತಾರೆ. ನೀವು ನೇರ ಸ್ಪೆಲ್ಲಿಂಗೇ ಇಡಿ. ಇಲ್ಲದಿದ್ದರೆ ಹುಡುಗ ಜೀವನಪೂರ್ತಿ ಫೋನಿನಲ್ಲಿ ಅಕ್ಷರ ಬಿಡಿಸಿ ಹೇಳಬೇಕಾಗುತ್ತದೆ.

ಕಡಲತಡಿ

ಮಂಗಳೂರಿನಿಂದ ಒಂದು ಮಾತು. ನಮ್ಮ ಕ್ರಿಶ್ಚಿಯನ್ ಮನೆಗಳಲ್ಲಿ ಜೇಸನ್, ಜೈಸನ್ ಹೊಸದೇನಲ್ಲ. ಆದರೆ ಅದು ಹಡಗು ಹತ್ತಿದವನ ಹೆಸರಾಗಿ ಬಂದದ್ದಲ್ಲ. ಬೈಬಲ್‌ನಲ್ಲಿ ಥೆಸಲೋನಿಕದ ಜೇಸನ್ ಇದ್ದಾನೆ. ಸಂತ ಪೌಲನನ್ನು ಮನೆಯಲ್ಲಿ ಇಟ್ಟುಕೊಂಡದ್ದಕ್ಕೆ ಊರವರು ಅವನನ್ನು ಎಳೆದುಕೊಂಡು ಹೋದರು. ಗುಣಪಡಿಸುವವನು ಅನ್ನೋ ಅರ್ಥದ ಗ್ರೀಕ್ ಹೆಸರು. ಹೆಸರು ಯಾವ ಬಾಗಿಲಿನಿಂದ ಮನೆಯೊಳಗೆ ಬಂತು ಅನ್ನೋದೂ ಮುಖ್ಯ ಅಲ್ವಾ.

ಹಾಸನದ ಸೊಸೆ

ನಾನು ಸ್ವಲ್ಪ ಕಹಿ ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಒರಾಯನ್ ಕಥೆ ಪೂರ್ತಿ ಓದಿದ್ದೀರಾ? ಖಿಯೋಸ್ ದ್ವೀಪದಲ್ಲಿ ಈನೋಪಿಯನ್ ರಾಜನ ಮಗಳು ಮೆರೋಪೆ ಮೇಲೆ ಅವನು ಕುಡಿದು ಕೈ ಹಾಕಿದ. ಅದಕ್ಕೇ ಅಪ್ಪ ಅವನ ಕಣ್ಣು ಕಿತ್ತು ಸಮುದ್ರದ ದಂಡೆಗೆ ಎಸೆದ. ಕೃತ್ತಿಕೆಯ ಅಕ್ಕತಂಗಿಯರನ್ನೂ ಅಟ್ಟಿಸಿಕೊಂಡು ಹೋದವನು. ಭೂಮಿ ಮೇಲಿನ ಎಲ್ಲ ಪ್ರಾಣಿಯನ್ನೂ ಕೊಲ್ಲುತ್ತೇನೆ ಅಂತ ಜಂಬ ಕೊಚ್ಚಿ ಚೇಳಿನಿಂದ ಕಚ್ಚಿಸಿಕೊಂಡು ಸತ್ತ. ಇಂಥವನ ಹೆಸರನ್ನು ಗಂಡು ಮಗುವಿಗೆ ಇಡೋದು ನನಗೆ ಒಪ್ಪಿಗೆಯಾಗುತ್ತಿಲ್ಲ. ಮಗ ದೊಡ್ಡವನಾಗಿ "ಅಮ್ಮಾ, ನನ್ನ ಹೆಸರಿನವನು ಏನು ಮಾಡಿದ?" ಅಂತ ಕೇಳಿದರೆ ಏನು ಹೇಳುತ್ತೀರಿ?

ಇಬ್ಬರು ಮಕ್ಕಳ ತಾಯಿ

@ಹಾಸನದ ಸೊಸೆ, ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಆದರೆ ಅಹಲ್ಯೆಯ ಕಥೆ ಗೊತ್ತಿದ್ದೂ ದೇವೇಂದ್ರ ಅಂತ ಇಡುತ್ತೇವೆ. ದೇವೇಂದ್ರಪ್ಪನವರನ್ನು ನೋಡಿ ಯಾರೂ ಅಹಲ್ಯೆಯನ್ನು ನೆನೆಯುವುದಿಲ್ಲ.

ಹಾಸನದ ಸೊಸೆ

ನೆನೆಯುವುದಿಲ್ಲ ಅನ್ನೋದೇ ನನ್ನ ತಕರಾರು. ನೆನೆಯಬೇಕು.

ಪದಮೂಲ

ಹಾಸನದ ಅಕ್ಕ ಹೇಳಿದ್ದು ನಿಜ. ಆ ಕಥೆಯನ್ನು ಮುಚ್ಚಿಟ್ಟು ಹೆಸರು ಮಾತ್ರ ತೋರಿಸುವುದು ಸರಿಯಲ್ಲ. ಆದರೆ ಕಥೆ ಕಣ್ಣು ಕಿತ್ತಲ್ಲಿಗೆ ಮುಗಿಯುವುದಿಲ್ಲ. ಅದರ ಮುಂದಿನ ಭಾಗ ನನಗೆ ಗ್ರೀಕ್ ಪುರಾಣದಲ್ಲೇ ತುಂಬಾ ಹಿಡಿಸಿದ ಚಿತ್ರ.

ಕುರುಡನಾದವನು ಸುತ್ತಿಗೆಯ ಸದ್ದು ಹಿಡಿದು ಲೆಮ್ನೋಸ್ ದ್ವೀಪಕ್ಕೆ ಹೋಗುತ್ತಾನೆ. ಅಲ್ಲಿ ಹೆಫೈಸ್ಟಸ್ ದೇವರ ಕುಲುಮೆ. ಅಲ್ಲಿ ಕೆಲಸ ಮಾಡುವ ಕೆಡಾಲಿಯನ್ ಅನ್ನೋ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. ದಾರಿ ತೋರಿಸು, ಸೂರ್ಯ ಹುಟ್ಟುವ ಕಡೆಗೆ ನಡೆಸು ಅನ್ನುತ್ತಾನೆ. ದೈತ್ಯನಿಗೆ ಕಾಲಿದೆ, ಕಣ್ಣಿಲ್ಲ. ಆ ಸಣ್ಣವನಿಗೆ ಕಣ್ಣಿದೆ. ಇಬ್ಬರೂ ಮೂಡಣಕ್ಕೆ ನಡೆದು ನಡೆದು, ಬೆಳಗಿನ ಬಿಸಿಲು ಮುಖಕ್ಕೆ ಬಿದ್ದಾಗ ದೃಷ್ಟಿ ಮರಳುತ್ತದೆ. ನಿಕೊಲಾ ಪೂಸ್ಸೆನ್ ಅನ್ನೋ ಫ್ರೆಂಚ್ ಚಿತ್ರಕಾರ 1658ರಲ್ಲಿ ಇದನ್ನೇ ಬರೆದ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಮರಗಳ ಎತ್ತರಕ್ಕೆ ನಿಂತ ದೈತ್ಯ ಕೈ ಚಾಚಿ ತಡವರಿಸುತ್ತಾ ನಡೆಯುತ್ತಿದ್ದಾನೆ, ಹೆಗಲ ಮೇಲೆ ಪುಟ್ಟ ಮನುಷ್ಯ. ನೀವು ಓಹಾಯೋದಿಂದ ಎಂದಾದರೂ ಆ ಕಡೆ ಹೋದರೆ ಮಗುವನ್ನೂ ಕರೆದುಕೊಂಡು ಹೋಗಿ ನೋಡಿ.

ನಮ್ಮ ಕಣ್ಣಪ್ಪ ಬೇರೆ ಥರ. ಅವನು ಕಣ್ಣನ್ನು ಕೊಟ್ಟವನು, ಇವನು ತಪ್ಪಿಗೆ ಕಳೆದುಕೊಂಡವನು. ಆದರೂ ಇಬ್ಬರು ಬೇಡರ ಕಥೆಯೂ ಕಣ್ಣಿನ ಸುತ್ತಲೇ ತಿರುಗುತ್ತದೆ. ಮಗ ಕೇಳಿದರೆ ತಪ್ಪನ್ನೂ ಹೇಳಿ, ಈ ನಡಿಗೆಯನ್ನೂ ಹೇಳಿ.

ಇದೇ ಹೆಸರಿನ ಬೇರೆ ಜನರೂ ಇದ್ದರು. ಐದನೇ ಶತಮಾನದಲ್ಲಿ ಈಜಿಪ್ಟಿನ ಥೀಬ್ಸ್‌ನಲ್ಲಿ ಹುಟ್ಟಿದ ಒರಾಯನ್ ಅನ್ನೋ ವ್ಯಾಕರಣ ಪಂಡಿತ ಪದಗಳ ಮೂಲ ಹೇಳುವ ಕೋಶ ಬರೆದ. ತತ್ವಜ್ಞಾನಿ ಪ್ರೊಕ್ಲಸ್‌ಗೆ ಪಾಠ ಹೇಳಿದ ಗುರು ಅವನು. ಅಮೆರಿಕದಲ್ಲೇ ನೋಡಿದರೆ, ಮಾರ್ಕ್ ಟ್ವೇನ್ ಅವರ ಅಣ್ಣನ ಹೆಸರು ಒರಾಯನ್ ಕ್ಲೆಮೆನ್ಸ್. 1825ರಲ್ಲಿ ಹುಟ್ಟಿದವರು, ನೆವಾಡ ಪ್ರಾಂತ್ಯದ ಕಾರ್ಯದರ್ಶಿಯಾಗಿದ್ದರು. ಅವರ ಮನೆಯಲ್ಲಿ 'ಓರಿಯನ್' ಅಂತ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ಕರೆಯುತ್ತಿದ್ದರಂತೆ. ಹಾಗಾಗಿ ಇನ್ನೂರು ವರ್ಷದ ಹಿಂದೆಯೂ ಅಲ್ಲಿ ಈ ಹೆಸರು ಇತ್ತು, ಅಪರೂಪವಾಗಿ.

ಮಳೆ ಲೆಕ್ಕ

ಅತ್ತೆಯವರ 'ಅದೇನೋ' ಬಗ್ಗೆ ಬರೆಯುತ್ತೇನೆ. ಅವರಿಗೆ ಇದು ಹೊರಗಿನ ಹೆಸರು ಅನ್ನಿಸಿದೆ. ಆದರೆ ಒರಾಯನ್ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಬೇರೆ ಹೆಸರಲ್ಲಿ ಗೊತ್ತು.

ಒರಾಯನ್ ತಲೆಯ ಹತ್ತಿರದ ಸಣ್ಣ ಚುಕ್ಕಿಗಳೇ ನಮ್ಮ ಮೃಗಶಿರಾ. ಅವನ ಹೆಗಲಿನ ಕೆಂಪು ನಕ್ಷತ್ರವೇ ಆರಿದ್ರಾ. ತುಮಕೂರಿನ ಕಡೆಯ ಯಾವ ಹಿರಿಯರಿಗೆ ಈ ಎರಡು ಮಳೆ ಗೊತ್ತಿಲ್ಲ ಹೇಳಿ? "ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರಾ" ಅಂತ ನಮ್ಮ ತಾತ ಜೂನ್ ತಿಂಗಳಲ್ಲಿ ಜಗುಲಿ ಮೇಲೆ ಕೂತು ಮೋಡ ನೋಡುತ್ತಾ ಹೇಳುತ್ತಿದ್ದರು. ಹೊಲಕ್ಕೆ ಬೀಜ ಹಾಕಬೇಕಾ ಕಾಯಬೇಕಾ ಅನ್ನೋದು ಆ ನಕ್ಷತ್ರದ ಮೇಲೆ ನಿಂತಿತ್ತು.

ಗ್ರೀಕರಲ್ಲೂ ಹೀಗೇ ಇತ್ತು. ಹೆಸಿಯೋಡ್ ಅನ್ನೋ ಹಳೇ ಕವಿ, ಅವನೂ ಅದೇ ಬಿಯೋಷಿಯಾ ಸೀಮೆಯ ರೈತ, ಬೇಸಾಯದ ಕಾಲವನ್ನೆಲ್ಲ ನಕ್ಷತ್ರದಿಂದ ಹೇಳುತ್ತಾನೆ. ಒರಾಯನ್ ಬೆಳಗಿನ ಜಾವ ಮೊದಲು ಕಾಣಿಸಿಕೊಂಡಾಗ ಒಕ್ಕಣೆ ಮಾಡು. ಒರಾಯನ್ ನಡು ಆಕಾಶಕ್ಕೆ ಬಂದಾಗ ದ್ರಾಕ್ಷಿ ಕೊಯ್ಯಿ. ಕೃತ್ತಿಕೆ ಮತ್ತು ಒರಾಯನ್ ಮುಳುಗುವಾಗ ಉಳುಮೆ ಶುರು ಮಾಡು. ಅವನು ಒಕ್ಕಣೆಗೆ ಹೇಳುವ ಕಾಲ ಹೆಚ್ಚು ಕಡಿಮೆ ನಮ್ಮ ಆರಿದ್ರಾ ಮಳೆಯ ಕಾಲವೇ. ಅಲ್ಲಿ ಆಗ ಒಣ ಬೇಸಿಗೆ, ಕಣದಲ್ಲಿ ತೆನೆ. ನಮ್ಮಲ್ಲಿ ಆಗ ಮುಂಗಾರು, ಹೊಲದಲ್ಲಿ ಬಿತ್ತನೆ. ನಕ್ಷತ್ರ ಒಂದೇ, ಕೆಲಸ ಬೇರೆ.

ನಮ್ಮಲ್ಲಿ ಕಥೆಯೂ ಇದೆ. ಪ್ರಜಾಪತಿ ತನ್ನ ಮಗಳು ರೋಹಿಣಿಯನ್ನು ಜಿಂಕೆಯಾಗಿ ಅಟ್ಟಿಸಿಕೊಂಡು ಹೋದ. ದೇವತೆಗಳಿಗೆ ಸಿಟ್ಟು ಬಂತು. ರುದ್ರ ಬಾಣ ಬಿಟ್ಟ. ಐತರೇಯ ಬ್ರಾಹ್ಮಣದಲ್ಲಿ ಬರುವ ಕಥೆ ಇದು. ಆ ಜಿಂಕೆಯೇ ಮೃಗ. ಸೊಂಟದ ಪಟ್ಟಿ ಅಂತ ಅವರು ಕರೆಯುವ ಮೂರು ಚುಕ್ಕಿಯೇ ಬಾಣ. ಕೆಳಗೆ ಹೊಳೆಯುವ ಲುಬ್ಧಕ ಬೇಟೆಗಾರ. ಗ್ರೀಕರಿಗೆ ಅದೇ ಲುಬ್ಧಕ ಒರಾಯನ್‌ನ ನಾಯಿ. ಅವರಿಗೆ ಬೇಟೆಗಾರನಾಗಿ ಕಂಡವನು ನಮಗೆ ಬೇಟೆಯಾಗಿ ಕಂಡ. ಹಾಸನದ ಅಕ್ಕ ನೋಡಿ, ಎರಡು ಕಡೆಯೂ ಅದೇ ತಪ್ಪು, ಎರಡು ಕಡೆಯೂ ಶಿಕ್ಷೆ. ಜನ ಮರೆಯದ ಹಾಗೆ ಆಕಾಶದಲ್ಲೇ ಇಟ್ಟಿದ್ದಾರೆ.

ಈಗಿನ ಖಗೋಳದ ಕನ್ನಡ ಪುಸ್ತಕಗಳಲ್ಲಿ ಒರಾಯನ್‌ಗೆ ಮಹಾವ್ಯಾಧ ಅಂತಾರೆ, ಅಂದರೆ ದೊಡ್ಡ ಬೇಡ. ಆದರೆ ಅತ್ತೆಗೆ ಅದನ್ನು ಹೇಳಬೇಡಿ. "ನಿಮ್ಮ ಮೊಮ್ಮಗನ ಹೆಸರು ಮೃಗಶಿರಾ ಆರಿದ್ರಾ ಇರುವ ಚುಕ್ಕಿ ಗುಂಪಿನದು" ಅಂತ ಹೇಳಿ ನೋಡಿ.

ಹಾಸನದ ಸೊಸೆ

@ಮಳೆ ಲೆಕ್ಕ, ಲುಬ್ಧಕನ ಕಥೆ ನನಗೆ ಗೊತ್ತಿತ್ತು, ಒರಾಯನ್ ಅದೇ ಅಂತ ಗೊತ್ತಿರಲಿಲ್ಲ. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ಮಗನಿಗೆ ಎಲ್ಲವನ್ನೂ ಹೇಳಿ ಬೆಳೆಸುತ್ತೀರಿ ಅಂದರೆ ಇಡಿ.

ಗುಡ್ಡದ ಮೇಲೆ

ಟಿಳಕರು 1893ರಲ್ಲಿ 'ಓರಾಯನ್' ಅಂತಲೇ ಒಂದು ಪುಸ್ತಕ ಬರೆದಿದ್ದರು. ವೇದಗಳ ಕಾಲ ಎಷ್ಟು ಹಳೆಯದು ಅಂತ ಮೃಗಶಿರಾ ನಕ್ಷತ್ರದ ಲೆಕ್ಕದಿಂದ ವಾದ ಮಾಡಿದ್ದಾರೆ. ಅದರಲ್ಲಿ ಒರಾಯನ್ ಅನ್ನೋ ಪದವೇ ಸಂಸ್ಕೃತದ 'ಆಗ್ರಯಣ'ಕ್ಕೆ ಸಂಬಂಧಪಟ್ಟದ್ದು ಅಂತ ಇದೆ. ಹಾಗಾದರೆ ಇದು ನಮ್ಮದೇ ಹೆಸರು ಆಯಿತಲ್ಲ!

ಪದಮೂಲ

ಟಿಳಕರ ಪುಸ್ತಕ ಓದಲು ಬಹಳ ಚೆನ್ನಾಗಿದೆ. ಆದರೆ ಈ ಪದದ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಸದ್ದು ಹತ್ತಿರ ಇದ್ದರೆ ಮೂಲ ಒಂದೇ ಅಂತ ಆಗುವುದಿಲ್ಲ. ಗ್ರೀಕ್‌ನ ಹಳೇ ರೂಪ ಓಅರೀಓನ್ ಅಂತ ಆಗಲೇ ಹೇಳಿದೆನಲ್ಲ, ಆಗ್ರಯಣದಲ್ಲಿರುವ 'ಗ್' ಅಲ್ಲಿ ಎಲ್ಲೂ ಇಲ್ಲ. ಹೆಸರು ನಮ್ಮದೇ ಆಗಬೇಕಾಗಿಲ್ಲ. ಗ್ರೀಕರದೇ ಇರಲಿ. ಚುಕ್ಕಿ ಇಬ್ಬರದೂ.

ದೂರದರ್ಶಕ

ಯಜಮಾನರಿಗೆ ನನ್ನ ನಮಸ್ಕಾರ ಹೇಳಿ, ಕಸದ ಬುಟ್ಟಿ ಹಿಡಿದು ನಿಲ್ಲುವ ಇನ್ನೊಬ್ಬ ನಾನು. ಡಿಸೆಂಬರ್‌ನಲ್ಲಿ ರಾತ್ರಿ ಊಟದ ಹೊತ್ತಿಗೆ ಒರಾಯನ್ ಪೂರ್ವದಲ್ಲಿ ಮಗ್ಗುಲಾಗಿ ಮಲಗಿದ ಹಾಗೆ ಏಳುತ್ತಾನೆ. ಮೂರು ಚುಕ್ಕಿ ಆಗ ನೆಟ್ಟಗೆ ನಿಂತಿರುತ್ತವೆ, ಒಂದರ ಮೇಲೊಂದು. ನಡುರಾತ್ರಿಗೆ ಅವನು ಎದ್ದು ನಿಲ್ಲುತ್ತಾನೆ. ಅವನು ಪಶ್ಚಿಮದಲ್ಲಿ ಮುಳುಗಿದ ಮೇಲೇ ಪೂರ್ವದಲ್ಲಿ ವೃಶ್ಚಿಕ ಏಳೋದು. ಚೇಳು ಕಚ್ಚಿ ಸತ್ತ ಅನ್ನೋ ಕಥೆಗೆ ಇದೇ ಬೇರು. ಇಬ್ಬರನ್ನೂ ಒಟ್ಟಿಗೆ ಕಾಣಲು ಆಗುವುದಿಲ್ಲ.

2019ರ ಕೊನೆ, 2020ರ ಶುರುವಿನಲ್ಲಿ ಆರಿದ್ರಾ ಮಂಕಾಗಿಬಿಟ್ಟಿತ್ತು. ಬರಿಗಣ್ಣಿಗೇ ಗೊತ್ತಾಗುವಷ್ಟು. ನಾನು ಆ ತಿಂಗಳುಗಳಲ್ಲಿ ದಿನಾ ಪಕ್ಕದ ರೋಹಿಣಿ ಜೊತೆ ಹೋಲಿಸಿ ನೋಡುತ್ತಿದ್ದೆ. ಆಮೇಲೆ ಮತ್ತೆ ಮೊದಲಿನ ಹಾಗೆ ಆಯಿತು. ನಕ್ಷತ್ರ ಹೊರಗೆ ಉಗುಳಿದ ಧೂಳು ಅಡ್ಡ ಬಂದಿತ್ತು ಅಂತ ತಿಳಿದವರು ಹೇಳಿದರು.

ಇನ್ನೊಂದು. ಒಂದು ಕಥೆಯಲ್ಲಿ ಒರಾಯನ್ ಸಾಯೋದು ಆರ್ಟೆಮಿಸ್ ದೇವಿಯ ಬಾಣದಿಂದ. ಈಗ ನಾಸಾ ಚಂದ್ರನಿಗೆ ಹೋಗಲು ಮಾಡಿರುವ ಯೋಜನೆಯ ಹೆಸರು ಆರ್ಟೆಮಿಸ್, ಜನ ಕೂರುವ ನೌಕೆಯ ಹೆಸರು ಒರಾಯನ್. 2022ರ ನವೆಂಬರ್ 16ರಂದು ಜನರಿಲ್ಲದೆ ಹೊರಟು ಚಂದ್ರನ ಸುತ್ತ ಹೋಗಿ ವಾಪಸ್ ಬಂತು. ನಿಮ್ಮ ಮಗ ಶಾಲೆಗೆ ಹೋಗುವಾಗ ಪಾಠದಲ್ಲಿ ಅವನ ಹೆಸರು ಬರುತ್ತದೆ.

ಮಲ್ಲೇಶ್ವರ

ಬೆಂಗಳೂರಿಗೆ ಬಂದಾಗ ಮಾತ್ರ ಎಲ್ಲರೂ ಮಾಲ್ ಹೆಸರು ಅಂತಾರೆ, ತಯಾರಾಗಿರಿ. ನಮ್ಮ ರಾಜಾಜಿನಗರದ ಕಡೆ ಆಟೋದವರಿಗೆ ಒರಾಯನ್ ಅಂದರೆ ಸಾಕು, ಅಲ್ಲಿಗೇ ಬಿಡುತ್ತಾರೆ. ಬಾಯಿಗೆ ಬರಲ್ಲ ಅನ್ನೋ ಭಯ ಬೇಡ ಅಂತ ಹೇಳಲು ಇದನ್ನು ಬರೆದೆ.

ಇಬ್ಬರು ಮಕ್ಕಳ ತಾಯಿ

ಅಡ್ಡ ಹೆಸರು ನೋಡಿಕೊಳ್ಳಿ. ಅಲ್ಲಿಯವರು ಚಿಕ್ಕದಾಗಿ 'ಓರಿ' ಅಂತ ಕರೆಯುತ್ತಾರೆ. ನಮ್ಮ ಹಳೇ ಮೈಸೂರು ಕಡೆ ಹಳ್ಳಿಯಲ್ಲಿ 'ಹ' ಬಿಟ್ಟು ಮಾತಾಡುವವರಿಗೆ ಓರಿ ಅಂದರೆ ಹೋರಿ.

ಪದಮೂಲ

ಎತ್ತಿನ ಚರ್ಮದಿಂದ ಹುಟ್ಟಿದವನಿಗೆ ಅದೂ ಹೊಂದುತ್ತದೆ ಅಕ್ಕ. ಆಕಾಶದಲ್ಲೂ ಅವನ ಎದುರಿಗೇ ವೃಷಭ ನಿಂತಿದೆ.

ಪಂಚಾಂಗದ ಮನೆ

ಇದುವರೆಗೆ ಸುಮ್ಮನೆ ಓದುತ್ತಿದ್ದೆ. ಮನೆಯಲ್ಲಿ ಪಂಚಾಂಗ ನೋಡುವ ರೂಢಿ ಇದೆ, ಅದಕ್ಕೆ ಹೇಳುತ್ತೇನೆ. ನಾಮಾಕ್ಷರ ನೋಡಿ ಇಡುವವರಾದರೆ ಒಂದು ವಿಷಯ ಗಮನಿಸಿ. 'ಓ' ಅಕ್ಷರ ರೋಹಿಣಿಯ ಮೊದಲ ಪಾದದ್ದು. ಓ, ವಾ, ವೀ, ವೂ ರೋಹಿಣಿ. ಅದರ ಮುಂದಿನ ವೇ, ವೋ, ಕಾ, ಕೀ ಮೃಗಶಿರಾ. ಕು, ಘ, ಙ, ಛ ಆರಿದ್ರಾ. ಅಂದರೆ ಒರಾಯನ್ ಅನ್ನೋ ಹೆಸರಿನ ಮೊದಲ ಅಕ್ಷರ ಒರಾಯನ್ ನಕ್ಷತ್ರಗಳಿಗೆ ಸಿಕ್ಕಿಲ್ಲ, ಪಕ್ಕದ ರೋಹಿಣಿಗೆ ಸಿಕ್ಕಿದೆ.

ಡಿಸೆಂಬರ್ ಮಧ್ಯ ಅಂದರೆ ಮಾರ್ಗಶಿರ ಮಾಸದ ಆಸುಪಾಸು ಬರಬಹುದು. ಆ ತಿಂಗಳ ಹುಣ್ಣಿಮೆ ಚಂದ್ರ ಮೃಗಶಿರಾ ಹತ್ತಿರ ಇರುತ್ತಾನೆ, ಅದಕ್ಕೇ ಆ ಹೆಸರು. ಮಗು ಹುಟ್ಟಿದ ಸಮಯವನ್ನು ಗಡಿಯಾರ ನೋಡಿ ಸರಿಯಾಗಿ ಬರೆದಿಟ್ಟುಕೊಳ್ಳಿ. ಅಮೆರಿಕದ ಸಮಯಕ್ಕೇ ಲೆಕ್ಕ ಹಾಕಬೇಕು. ಊರಿನ ಕ್ಯಾಲೆಂಡರ್ ನೋಡಿ ಆ ದಿನದ ನಕ್ಷತ್ರ ಹಿಡಿಯಬೇಡಿ. ಒಂದು ಪಾದ ಸುಮಾರು ಆರು ಗಂಟೆ ಇರುತ್ತದೆ ಅಷ್ಟೇ.

ಡಿಸೆಂಬರ್ ಅಮ್ಮ

ಎಲ್ಲರ ಮಾತನ್ನೂ ಯಜಮಾನರಿಗೆ ಓದಿ ಹೇಳಿದೆ. ಪಂಚಾಂಗದ ವಿಷಯ ಅತ್ತೆಗೆ ಬೇಕೇ ಬೇಕು, ಅದನ್ನು ಅವರಿಗೇ ಬಿಟ್ಟಿದ್ದೇವೆ.

ಕನ್ನಡದಲ್ಲಿ ಹೇಗೆ ಬರೆಯಬೇಕು ಅಂತ ಇನ್ನೊಂದು ಪ್ರಶ್ನೆ. ಒರಾಯನ್ನಾ, ಓರಿಯನ್ನಾ, ಓರಾಯನ್ನಾ?

ಪದಮೂಲ

ಗ್ರೀಕ್‌ನಲ್ಲಿ 'ಒ' ಮತ್ತು 'ಓ' ಬೇರೆ ಬೇರೆ ಅಕ್ಷರ, ಕನ್ನಡದ ಹಾಗೇ. ಚಿಕ್ಕದಕ್ಕೆ ಓಮಿಕ್ರಾನ್, ಅಂದರೆ ಸಣ್ಣ ಓ. ದೊಡ್ಡದಕ್ಕೆ ಓಮೇಗಾ, ಅಂದರೆ ದೊಡ್ಡ ಓ. ಸಂಸ್ಕೃತದಲ್ಲೂ ಹಿಂದಿಯಲ್ಲೂ ಈ ವ್ಯತ್ಯಾಸ ಇಲ್ಲ. ಹಾಗಾಗಿ ಈ ಹೆಸರನ್ನು ಗ್ರೀಕರು ಬರೆದ ಹಾಗೇ ಬರೆಯಲು ಕನ್ನಡ ಲಿಪಿಗೆ ಕಷ್ಟವೇ ಇಲ್ಲ. ಅವರದು ಓಮೇಗಾ, ದೀರ್ಘ. ಆ ಲೆಕ್ಕಕ್ಕೆ 'ಓರಿಯೋನ್'. ಆದರೆ ಅಮೆರಿಕದವರು ಮಧ್ಯದ 'ರಾಯ್' ಮೇಲೆ ಒತ್ತು ಹಾಕುವುದರಿಂದ ಮೊದಲ ಅಕ್ಷರ ತೆಳುವಾಗುತ್ತದೆ, ಅದು 'ಒರಾಯನ್'. ಮಗು ಅಲ್ಲಿ ಬೆಳೆಯುತ್ತದೆ, ಅಲ್ಲಿ ಕರೆಯುವ ಹಾಗೇ ಬರೆಯಿರಿ ಅಂತ ನನ್ನ ಸಲಹೆ.

ಡಿಸೆಂಬರ್ ಅಮ್ಮ

(ಐದು ವಾರದ ನಂತರ)

ಮಗು ಹುಟ್ಟಿದೆ. ಇಬ್ಬರೂ ಆರಾಮಾಗಿದ್ದೇವೆ. ಇಷ್ಟು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ.

ಹುಣ್ಣಿಮೆಯ ಮಾರನೇ ದಿನ ಬೆಳಗಿನ ಜಾವ ಹುಟ್ಟಿದ. ನರ್ಸ್ ಬೋರ್ಡಿನ ಮೇಲೆ ಸಮಯ ಬರೆದ ಕೂಡಲೇ ಯಜಮಾನರು ಫೋಟೋ ತೆಗೆದು ಊರಿಗೆ ಕಳಿಸಿದರು. ಮಾವ ನಮ್ಮೂರಿನ ಪುರೋಹಿತರ ಹತ್ತಿರ ಓಹಾಯೋ ಸಮಯಕ್ಕೇ ಲೆಕ್ಕ ಹಾಕಿಸಿದರು. ಮೃಗಶಿರಾ, ಎರಡನೇ ಪಾದ. ಅಕ್ಷರ ವೋ. ಫಾರಂನಲ್ಲಿ ಆಗಲೇ ಒರಾಯನ್ ಅಂತ ಬರೆದು ಕೊಟ್ಟಿದ್ದೆವು.

ಹನ್ನೆರಡನೇ ದಿನ ವಿಡ್ಯೋ ಕಾಲ್‌ನಲ್ಲೇ ನಾಮಕರಣ ಮಾಡಿದೆವು. ತೊಟ್ಟಿಲಿಗೆ ನನ್ನ ಹಳೇ ಮೈಸೂರು ಸಿಲ್ಕ್ ಸೀರೆ ಕಟ್ಟಿದ್ದೆ. ಸ್ಟೀಲ್ ತಟ್ಟೆಯಲ್ಲಿ ಅಕ್ಕಿ ಹರಡಿಕೊಂಡು, ಉಂಗುರ ಹಿಡಿದು ಯಜಮಾನರು ಹೆಸರು ಬರೆಯಲು ಕೂತರು. ಬರೆಯುವ ಮೊದಲು ಅತ್ತೆಗೆ ಫೋನಿನಲ್ಲಿ ಹೇಳಿದೆ, ಇದು ನಿಮ್ಮ ಮೃಗಶಿರಾ ಆರಿದ್ರಾ ಇರುವ ಚುಕ್ಕಿಗಳ ಹೆಸರು ಅಂತ. ಅವರು ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ, "ಮೊದಲೇ ಹೇಳಬಾರದಿತ್ತೇನಮ್ಮ" ಅಂದರು.

ಯಜಮಾನರ ಉಂಗುರ ಅಕ್ಕಿ ಮೇಲೆ ನಿಂತಿತ್ತು. "ಅಮ್ಮಾ, ಅಕ್ಷರ ವೋ ಬಂದಿದೆ, ನಾವು ಒ ಅಂತ ಇಟ್ಟಿದ್ದೇವೆ, ಏನು ಬರೆಯಲಿ?" ಅಂತ ಕೇಳಿದರು. ಅತ್ತೆ ಆ ಕಡೆಯಿಂದ, "ಏನು ಹೆಸರು, ಇನ್ನೊಂದು ಸಲ ಹೇಳು" ಅಂದರು. ಇವರು ಹೇಳಿದರು. ಅತ್ತೆ ನಮ್ಮೂರಿನಲ್ಲಿ ಒಂದು, ಒಲೆ, ಒಡವೆ ಅನ್ನೋದನ್ನೆಲ್ಲ ಹೇಗೆ ಹೇಳುತ್ತಾರೋ ಹಾಗೇ ಹೇಳಿದರು.

"ವೊರಾಯನ."

ಮಾವ ಪಕ್ಕದಿಂದ, "ಬಂತಲ್ಲಪ್ಪ ಅಕ್ಷರ, ಬರಿ" ಅಂದರು.

ಯಜಮಾನರು ಅಕ್ಕಿ ಮೇಲೆ 'ಒರಾಯನ್' ಅಂತ ಬರೆದರು. ಅತ್ತೆಗೆ ಕಾಣಲಿ ಅಂತ ನಾನು ಫೋನನ್ನು ತಟ್ಟೆಯ ಮೇಲೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು.